ಕೊಂಡವನಿಗೆ ಸಾಲ, ಕಲಿತವನಿಗೆ ಕೂಲಿ, ಹುಡುಕಿದವನಿಗೆ ಸಂಪತ್ತು!



ಬೆಳಿಗ್ಗೆ ಎಂಟೂವರೆಗೆ ಒಮ್ಮೆ ಆರ್.ವಿ. ರಸ್ತೆ ಮೆಟ್ರೋ ನಿಲ್ದಾಣಕ್ಕೆ ಬನ್ನಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಬನಶಂಕರಿ, ಜೆ.ಪಿ. ನಗರ, ಜಯನಗರದ ಜನ ಇಲ್ಲಿ ಗಾಡಿ ಬದಲಿಸಿ ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೊರಡುತ್ತಾರೆ. ಮುಂದೆ ಬಿ.ಟಿ.ಎಂ. ಲೇಔಟಿನಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ಕೊರಳಲ್ಲಿ ಕಂಪನಿಯ ಪಟ್ಟಿ ಹಾಕಿಕೊಂಡವರೂ ಇರುತ್ತಾರೆ, ಅದೇ ಕಂಪನಿಯಲ್ಲಿ ನೆಲ ಒರೆಸುವ, ಗೇಟು ಕಾಯುವ, ಕ್ಯಾಂಟೀನಿನಲ್ಲಿ ಬಡಿಸುವ ಜನರೂ ಇರುತ್ತಾರೆ. ಸುಮ್ಮನೆ ನಿಂತು ಕಿವಿ ಕೊಡಿ. ಯಾರ ಬಾಯಲ್ಲಿ ಕನ್ನಡ ಇದೆ, ಅವರು ಇಳಿದು ಯಾವ ಬಾಗಿಲಿಗೆ ಹೋಗುತ್ತಾರೆ ಎಂದು ಲೆಕ್ಕ ಹಾಕಿ.

ಪಟ್ಟಿ ಹಾಕಿಕೊಂಡವರಲ್ಲಿ ಕನ್ನಡದವರಿಲ್ಲ ಎಂದು ನಾನು ಹೇಳುವುದಿಲ್ಲ. ಇದ್ದಾರೆ. ಎಷ್ಟು ಇರಬೇಕಿತ್ತೋ ಅಷ್ಟು ಇದ್ದಾರೆಯೇ? ಅದು ನನ್ನ ಪ್ರಶ್ನೆ. ಇದ್ದವರಲ್ಲಿ ಎಷ್ಟು ಜನ ಹೊಸದೊಂದನ್ನು ಹುಡುಕುವ ಕೆಲಸದಲ್ಲಿದ್ದಾರೆ, ಎಷ್ಟು ಜನ ಯಾರೋ ಹುಡುಕಿದ್ದನ್ನು ತಿಂಗಳ ಸಂಬಳಕ್ಕೆ ನಡೆಸಿಕೊಂಡು ಹೋಗುತ್ತಿದ್ದಾರೆ? ಇದು ಅದಕ್ಕಿಂತ ದೊಡ್ಡ ಪ್ರಶ್ನೆ.

ನಾನು ಪಂಡಿತನಲ್ಲ. ಓದಿದ್ದು ಪಿಯುಸಿ. ಅಪ್ಪ ಬಿಟ್ಟುಹೋದ ಪ್ರೆಸ್ಸನ್ನು ಇಪ್ಪತ್ತೈದು ವರ್ಷದಿಂದ ನಡೆಸುತ್ತಿದ್ದೇನೆ. ಮದುವೆ ಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ನಿಮ್ಮ ಸಂಘದ ರಾಜ್ಯೋತ್ಸವದ ಪೋಸ್ಟರು, ಎಲ್ಲ ಅಚ್ಚು ಹಾಕುತ್ತೇನೆ. ಅರ್ಥಶಾಸ್ತ್ರ ನನಗೆ ಪುಸ್ತಕದಿಂದ ಬಂದದ್ದಲ್ಲ, ಬ್ಯಾಂಕಿನ ಕಂತು ಕಟ್ಟಿ ಬಂದದ್ದು. ಅದು ಕಲಿಸಿದ ಪಾಠ ಒಂದೇ: ತಂತ್ರಜ್ಞಾನವನ್ನು ಕೊಂಡವನಿಗೆ ಸಾಲ, ಕಲಿತವನಿಗೆ ಕೂಲಿ, ಹುಡುಕಿದವನಿಗೆ ಸಂಪತ್ತು.

ನೀರಿನ ಕಥೆ

ನಮ್ಮ ಪ್ರೆಸ್ಸಿನಲ್ಲಿ ಜಪಾನಿನ ಒಂದು ಹಳೆಯ ಆಫ್‌ಸೆಟ್ ಮೆಷಿನ್ ಇದೆ. ಸೆಕೆಂಡ್ ಹ್ಯಾಂಡ್. ಸಾಲ ಮಾಡಿ ತಂದದ್ದು. ಆಫ್‌ಸೆಟ್ ಎಂದರೆ ನೀರಿಗೂ ಇಂಕಿಗೂ ನಡೆಯುವ ಜಗಳ. ಪ್ಲೇಟಿನ ಮೇಲೆ ಅಕ್ಷರ ಇರುವ ಕಡೆ ಇಂಕು ನಿಲ್ಲಬೇಕು, ಅಕ್ಷರ ಇಲ್ಲದ ಕಡೆ ನೀರು ನಿಲ್ಲಬೇಕು. ಆ ನೀರು ಸ್ವಲ್ಪ ಹುಳಿಯಾಗಿರಬೇಕು. ಪಿಎಚ್ ನಾಲ್ಕೂವರೆಯಿಂದ ಐದೂವರೆಯ ಒಳಗೆ ಇದ್ದರೆ ಕೆಲಸ ಚೆಂದ. ತಪ್ಪಿದರೆ ಹಾಳೆಯೆಲ್ಲ ಮಸಿ.

ಕೆಲವು ವರ್ಷಗಳ ಹಿಂದೆ ಒಂದು ಪೀಡೆ ಶುರುವಾಯಿತು. ಎರಡು ದಿನ ಅಚ್ಚು ಕನ್ನಡಿಯ ಹಾಗೆ ಬರುತ್ತಿತ್ತು, ಮೂರನೆಯ ದಿನ ಕೊಳಕು. ಒಂದೊಂದು ಕೆಲಸಕ್ಕೆ ಇನ್ನೂರು, ಮುನ್ನೂರು ಹಾಳೆ ಕಸದ ಬುಟ್ಟಿಗೆ. ಸರ್ವೀಸ್ ಇಂಜಿನಿಯರನ್ನು ಬೇರೆ ರಾಜ್ಯದಿಂದ ಕರೆಸಿದೆ. ಬಂದುಹೋಗುವ ಖರ್ಚು ನನ್ನದು, ಊಟ ನನ್ನದು, ಫೀಸು ನನ್ನದು. ಆತ ಬಂದ, ನೋಡಿದ, "ರೋಲರ್ ಬದಲಿಸಿ" ಎಂದ. ಬದಲಿಸಿದೆ. ನಾಲ್ಕು ದಿನಕ್ಕೆ ಮತ್ತೆ ಅದೇ ಹಾಡು!

ನಮ್ಮಲ್ಲಿ ಮೆಷಿನ್ ನಡೆಸುವ ಹುಡುಗ ಕನಕಪುರದ ಕಡೆಯವನು. ಎಸ್‌ಎಸ್‌ಎಲ್‌ಸಿಯನ್ನು ಒಳ್ಳೆಯ ಅಂಕದಲ್ಲಿ ಪಾಸು ಮಾಡಿದವನು. ಒಂದು ದಿನ ಬಂದು, "ಅಣ್ಣಾ, ಕಾವೇರಿ ನೀರು ಬಂದ ದಿನ ತೊಂದರೆ ಇಲ್ಲ. ಬೋರ್‌ವೆಲ್ ನೀರು ಹಾಕಿದ ದಿನವೇ ಹೀಗಾಗೋದು" ಎಂದ. ನಾನು ನಕ್ಕೆ. ಅವನು ನಗಲಿಲ್ಲ. ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಎರಡು ತಿಂಗಳಿಂದ ದಿನಾ ಬರೆದಿಟ್ಟಿದ್ದ: 'ಕಾ' ಎಂದರೆ ಕಾವೇರಿ, 'ಬೋ' ಎಂದರೆ ಬೋರು, ಪಕ್ಕದಲ್ಲಿ ಹಾಳಾದ ಹಾಳೆಯ ಲೆಕ್ಕ. ಯಾವುದೋ ಅಂಗಡಿಯಿಂದ ನೀರು ಅಳೆಯುವ ಪೆನ್ನಿನಂಥ ಮೀಟರನ್ನೂ ತನ್ನ ದುಡ್ಡಿನಲ್ಲಿ ತಂದಿದ್ದ. ಬೋರ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಅದು ರೋಲರಿಗೆ ಮೆತ್ತಿಕೊಂಡು ಗಾಜಿನ ಹಾಗೆ ಮಾಡುತ್ತದೆ, ಇಂಕು ನಿಲ್ಲುವುದಿಲ್ಲ. ನೀರನ್ನು ಫಿಲ್ಟರ್ ಮಾಡಿ ಹಾಕಿದೆವು. ಪೀಡೆ ತೊಲಗಿತು.

ಆಮೇಲೆ ನನ್ನ ಅಣ್ಣನ ಮಗಳು ಮೆಷಿನಿನ ಇಂಗ್ಲಿಷ್ ಪುಸ್ತಕ ತೆಗೆದು ನೋಡಿದಳು. ಗಡಸು ನೀರು ಹಾಕಬೇಡಿ ಎಂದು ಅದರಲ್ಲೇ ಬರೆದಿತ್ತು! ನಮ್ಮ ಕಪಾಟಿನಲ್ಲೇ ಇದ್ದ ಉತ್ತರಕ್ಕೆ ನಾನು ತಿಂಗಳುಗಟ್ಟಲೆ ಕಾಗದ, ಇಂಕು, ರೋಲರು, ಫೀಸು ಎಂದು ದಂಡ ಕಟ್ಟಿದ್ದೆ. ಈಗ ಮೆಷಿನ್ ಪಕ್ಕದ ಗೋಡೆಗೆ ಕನ್ನಡದಲ್ಲಿ ಹತ್ತು ಸಾಲಿನ ಹಾಳೆ ಅಂಟಿಸಿದ್ದೇವೆ. ಹೊಸದಾಗಿ ಬಂದ ಹುಡುಗನೂ ಓದಿಕೊಂಡು ಕೆಲಸ ಮಾಡುತ್ತಾನೆ.

ಗೆಳೆಯರೇ, ಆ ಹುಡುಗ ಮಾಡಿದ್ದಕ್ಕೆ ಏನೆನ್ನುತ್ತಾರೆ ಗೊತ್ತೇ? ಸಂಶೋಧನೆ ಎನ್ನುತ್ತಾರೆ. ಅನುಮಾನಪಟ್ಟ, ಅಳೆದ, ಬರೆದಿಟ್ಟ, ಸಾಬೀತು ಮಾಡಿದ. ಬಿಳಿ ಕೋಟು ಹಾಕಿರಲಿಲ್ಲ, ಅಷ್ಟೇ.

ನಾನೂ ಅವನೂ ಒಂದೇ ಹಳ್ಳಕ್ಕೆ ಬಿದ್ದವರು

ಇಷ್ಟು ಬುದ್ಧಿ ಇದ್ದವನು ಎಸ್‌ಎಸ್‌ಎಲ್‌ಸಿಗೇ ಯಾಕೆ ನಿಂತ? ನಿಲ್ಲಲಿಲ್ಲ. ಪಿಯುಸಿ ವಿಜ್ಞಾನಕ್ಕೆ ಸೇರಿದ್ದ. ಮೂರೇ ತಿಂಗಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವೇಗೋತ್ಕರ್ಷ, ಗುರುತ್ವ, ಆಮ್ಲ, ಪ್ರತ್ಯಾಮ್ಲ ಎಂದು ಅರ್ಥ ಮಾಡಿಕೊಂಡಿದ್ದವನಿಗೆ ಒಂದೇ ಬೇಸಿಗೆ ರಜೆಯಲ್ಲಿ ಎಲ್ಲವೂ ಇಂಗ್ಲಿಷ್ ಆಗಿಹೋಯಿತು. ಮೇಷ್ಟ್ರು ಬೋರ್ಡಿನ ಮೇಲೆ ಬರೆದುಕೊಂಡು ಹೋಗುತ್ತಿದ್ದರು, ಇವನು ಕಾಪಿ ಮಾಡಿಕೊಳ್ಳುತ್ತಿದ್ದ. ಕೇಳೋಣ ಎಂದರೆ ಬಾಯಿ ಬರುತ್ತಿರಲಿಲ್ಲ.

ಅವನ ಕಥೆ ನನಗೆ ಹೊಸದೇನಲ್ಲ. ನಾನು ಪಿಯುಸಿ ವಿಜ್ಞಾನಕ್ಕೆ ಸೇರಿದಾಗಲೂ ಇದೇ ಆಯಿತು. ಭೌತಶಾಸ್ತ್ರದಲ್ಲಿ ನಾನು ಫೇಲಾದದ್ದು ಭೌತಶಾಸ್ತ್ರ ಬಾರದೆ ಅಲ್ಲ, ಪ್ರಶ್ನೆ ಅರ್ಥವಾಗದೆ. ಎರಡನೆಯ ಸಲಕ್ಕೆ ಹೇಗೋ ದಾಟಿದೆ. ಅಷ್ಟು ಹೊತ್ತಿಗೆ ಇಂಜಿನಿಯರಿಂಗ್ ಆಸೆ ಸತ್ತುಹೋಗಿತ್ತು. ಅಪ್ಪ ಪ್ರೆಸ್ಸಿನ ಕೀಲಿ ಕೈಗೆ ಕೊಟ್ಟರು. ನನಗೊಂದು ಪ್ರೆಸ್ ಇತ್ತು, ಬದುಕಿಕೊಂಡೆ. ಪ್ರೆಸ್ ಇಲ್ಲದವರ ಮಕ್ಕಳು?

ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಕಲಿಯಿರಿ, ನನಗಿಂತ ಚೆನ್ನಾಗಿ ಕಲಿಯಿರಿ. ಆದರೆ ಇಂಗ್ಲಿಷ್ ತಡವಾಗಿ ಬಂತು ಎಂಬ ಒಂದೇ ಕಾರಣಕ್ಕೆ ಒಬ್ಬ ಹುಡುಗನಿಗೆ ವಿಜ್ಞಾನವೇ ತಪ್ಪಿಹೋದರೆ, ಆ ನಷ್ಟ ಅವನದು ಮಾತ್ರವಲ್ಲ, ನಾಡಿನದು. ನನ್ನ ಮೆಷಿನ್ ಮಾಡಿದ ಜಪಾನಿನವರು ಇಂಜಿನಿಯರಿಂಗ್ ಓದುವುದು ಜಪಾನೀ ಭಾಷೆಯಲ್ಲಿ. ಇಂಗ್ಲಿಷ್ ಅವರಿಗೆ ಮಾಲು ಮಾರುವುದಕ್ಕೆ. ಯೋಚನೆ ಮಾಡುವುದಕ್ಕೆ ತಾಯಿನುಡಿ. ನಮ್ಮಲ್ಲಿ?

2021ರಲ್ಲಿ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಎಐಸಿಟಿಇ ಅವಕಾಶ ಕೊಟ್ಟಿತು. ಕರ್ನಾಟಕದಲ್ಲೂ ಕೆಲವು ಕಾಲೇಜುಗಳು ಕನ್ನಡದಲ್ಲಿ ಕಲಿಸುತ್ತೇವೆ ಎಂದು ಮುಂದೆ ಬಂದವು. ಸೇರುವವರೇ ಸಿಗಲಿಲ್ಲ. ಹುಡುಗರನ್ನು ಬೈಯಬೇಡಿ. ಪಿಯುಸಿಯಲ್ಲಿ ಸೇತುವೆ ಮುರಿದುಹಾಕಿ, ಆಚೆ ದಡದಲ್ಲಿ ಛತ್ರ ಕಟ್ಟಿದರೆ ಯಾರು ಬರುತ್ತಾರೆ? ಓದಿ ಬಂದವನಿಗೆ ಕೆಲಸ ಕೊಡುತ್ತೇವೆ ಎಂದು ಯಾವ ಕಂಪನಿ ಬಾಯಿ ಬಿಟ್ಟು ಹೇಳಿತು?

ಗಂಧದ ಎಣ್ಣೆ ಹೇಳುವ ಪಾಠ

"ಇವೆಲ್ಲ ನಮ್ಮಿಂದ ಆಗುವ ಕೆಲಸವಲ್ಲ" ಎನ್ನುವವರಿಗೆ ಒಂದು ಹಳೆಯ ಕಥೆ ಹೇಳುತ್ತೇನೆ. ಒಂದು ಕಾಲಕ್ಕೆ ಮೈಸೂರಿನ ಗಂಧದ ಮರ ಕೊರಡಿನ ರೂಪದಲ್ಲೇ ಯುರೋಪಿಗೆ ಹೋಗುತ್ತಿತ್ತು. ಮುಖ್ಯವಾಗಿ ಜರ್ಮನಿಯಲ್ಲಿ ಎಣ್ಣೆ ತೆಗೆಯುತ್ತಿದ್ದರು. ಮರ ನಮ್ಮದು, ಲಾಭ ಅವರದು. 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು. ಕೊಳ್ಳುವವರಿಲ್ಲದೆ ಗಂಧ ಗೋದಾಮಿನಲ್ಲಿ ರಾಶಿ ಬಿತ್ತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ, ಕೈಗಾರಿಕಾ ಇಲಾಖೆಯ ನಿರ್ದೇಶಕರು ಆಲ್ಫ್ರೆಡ್ ಚಾಟರ್ಟನ್. ಕೈಕಟ್ಟಿ ಕೂರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಎಣ್ಣೆ ತೆಗೆಯುವ ವಿಧಾನವನ್ನು ಪ್ರಯೋಗ ಮಾಡಿ ಸಾಧಿಸಿದರು. 1916ರಲ್ಲಿ ಬೆಂಗಳೂರಿನಲ್ಲೇ ಗಂಧದೆಣ್ಣೆ ತಯಾರಾಯಿತು, ಮರುವರ್ಷ ಮೈಸೂರಿನಲ್ಲೂ ಕಾರ್ಖಾನೆ ಬಂತು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸೋಪು ಮಾಡುವ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಅವರು ಬಂದು ಮಾಡಿದ ಮೈಸೂರ್ ಸ್ಯಾಂಡಲ್ ಸೋಪು ಇವತ್ತಿಗೂ ನಿಮ್ಮ ಬಚ್ಚಲಲ್ಲಿದೆ!

ಕೊರಡು ಮಾರುತ್ತಿದ್ದ ನಾಡು ಎಣ್ಣೆ ಮಾರಿತು, ಸೋಪು ಮಾರಿತು. ನಡುವೆ ಆದದ್ದೇನು? ಒಂದು ಪ್ರಯೋಗಾಲಯ, ಒಂದಿಷ್ಟು ಓದು, ಅದನ್ನು ಕಾರ್ಖಾನೆಗೆ ತಂದ ಒಂದು ಸರ್ಕಾರ. ಮರ ಅದೇ ಮರ!

ಆ ಪ್ರಯೋಗಾಲಯವೂ ಆಕಾಶದಿಂದ ಉದುರಲಿಲ್ಲ. ನಮ್ಮ ಹಿರಿಯರು 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ವಿಜ್ಞಾನ ಸಂಸ್ಥೆಗೆ ಹಣ ಟಾಟಾ ಅವರದು, ಜಾಗ ಮೈಸೂರು ಸಂಸ್ಥಾನದ್ದು. 371 ಎಕರೆ. ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಅದಕ್ಕೂ ಮೊದಲೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಇದೇ ವಿಶ್ವೇಶ್ವರಯ್ಯನವರ ಕಾಲದಲ್ಲೇ, 1915ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತೂ ಹುಟ್ಟಿತು. ನೋಡಿ, ಆ ಕಾಲದವರಿಗೆ ಕನ್ನಡ ಬೇರೆ, ಕಾರ್ಖಾನೆ ಬೇರೆ ಎನಿಸಿರಲಿಲ್ಲ.

ಮುಂದೆ 1975ರಲ್ಲಿ ಹಾರಿದ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ನಮ್ಮ ಪೀಣ್ಯದ ಶೆಡ್ಡುಗಳಲ್ಲಿ. ಆ ತಂಡ ಕಟ್ಟಿದ ಯು.ಆರ್. ರಾವ್ ಉಡುಪಿ ಬಳಿಯ ಅದಮಾರಿನವರು. ನೀವು ದಿನಾ ಹೋಗುವ ಎಲೆಕ್ಟ್ರಾನಿಕ್ ಸಿಟಿಯನ್ನು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕಟ್ಟಿಸಿದ್ದು ರಾಜ್ಯ ಸರ್ಕಾರದ ಕಿಯೋನಿಕ್ಸ್. ಕನಸು ಕಂಡವರು ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ. ಐಟಿ ಕಂಪನಿಗಳು ಬೆಂಗಳೂರಿನ ಹವೆ ನೋಡಿ ಮಾತ್ರ ಬಂದವಲ್ಲ, ತಮ್ಮಂದಿರೇ! ಎಪ್ಪತ್ತು ವರ್ಷ ಈ ನಾಡಿನ ನೆಲ, ನೀರು, ತೆರಿಗೆ, ಓದು ಸೇರಿ ಹದ ಮಾಡಿಟ್ಟ ಹೊಲಕ್ಕೆ ಬಂದವು.

ಕಲಿಯುವುದು ನಿಲ್ಲಿಸಿದರೆ?

ನಮ್ಮ ಹೆಮ್ಮೆಯ ಇನ್ನೊಂದು ಮುಖವನ್ನೂ ನೋಡಬೇಕು. ಎಚ್‌ಎಂಟಿ ಗಡಿಯಾರ ಕಟ್ಟದ ಮದುಮಗ ನಮ್ಮ ಅಪ್ಪಂದಿರ ಕಾಲದಲ್ಲಿ ಯಾರಿದ್ದ? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಂತ್ರಜ್ಞಾನ ತಂದು ಬೆಂಗಳೂರಿನಲ್ಲಿ ಗಡಿಯಾರ ಮಾಡಲು ಶುರು ಮಾಡಿದರು. ಜನ ಸಾಲು ನಿಂತು ಕೊಂಡರು. ಆಮೇಲೆ ಕಾಲ ಕೀಲಿ ಕೊಡುವ ಗಡಿಯಾರದಿಂದ ಕ್ವಾರ್ಟ್ಜ್‌ಗೆ ಹೊರಳಿತು. ಎಚ್‌ಎಂಟಿಗೂ ಕ್ವಾರ್ಟ್ಜ್ ಗೊತ್ತಿತ್ತು, ಮನಸ್ಸು ಮಾತ್ರ ಹಳೆಯದರಲ್ಲೇ ಇತ್ತು. ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನಲ್ಲಿ ಟೈಟಾನ್ ಬೆಳೆಯಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ಗಡಿಯಾರಕ್ಕೆ ಬೀಗ ಹಾಕಲು ಒಪ್ಪಿಗೆ ಕೊಟ್ಟಿತು. ತಂತ್ರಜ್ಞಾನ ಒಮ್ಮೆ ಕೊಂಡರೆ ಸಾಲದು, ದಿನಾ ಹುಡುಕುತ್ತಿರಬೇಕು. ಇಲ್ಲದಿದ್ದರೆ ಕಾರ್ಖಾನೆ ಸ್ಮಾರಕವಾಗುತ್ತದೆ.

ಹುಡುಕುವುದಕ್ಕೆ ನಾವು ಇಡುತ್ತಿರುವ ದುಡ್ಡೆಷ್ಟು? ಭಾರತದಲ್ಲಿ ದೇಶದ ನೂರು ರೂಪಾಯಿ ಉತ್ಪನ್ನಕ್ಕೆ ಸಂಶೋಧನೆಗೆ ಹೋಗುವುದು ಸುಮಾರು 64 ಪೈಸೆ. ದಕ್ಷಿಣ ಕೊರಿಯಾ ಇಡುವುದು ಹತ್ತಿರ ಹತ್ತಿರ ಐದು ರೂಪಾಯಿ. ಆಮೇಲೆ ನಿಮ್ಮ ಜೇಬಿನ ಫೋನು, ರಸ್ತೆಯ ಕಾರು ಕೊರಿಯಾದ್ದು ಯಾಕೆ ಎಂದು ಕೇಳಬೇಡಿ.

ಒಬ್ಬರ ಕೀಲಿಮಣೆ, ಸಾವಿರಾರು ಮನೆಯ ಅನ್ನ

ಕನ್ನಡದಲ್ಲೇ ನಡೆದ ಸಂಶೋಧನೆ ಎಷ್ಟು ಅನ್ನ ಹುಟ್ಟಿಸುತ್ತದೆ ಎಂಬುದಕ್ಕೆ ನನ್ನ ಕಸುಬೇ ಸಾಕ್ಷಿ.

ಅಪ್ಪನ ಕಾಲದಲ್ಲಿ ನಮ್ಮದು ಮೊಳೆ ಜೋಡಿಸುವ ಪ್ರೆಸ್ಸು. ಕಂಪೋಸಿಂಗ್ ಮಾಡುತ್ತಿದ್ದ ಒಬ್ಬ ಹಿರಿಯರು ಸೀಸದ ಅಕ್ಷರಗಳನ್ನು ಕಣ್ಣುಮುಚ್ಚಿ ಆರಿಸುತ್ತಿದ್ದರು, ಪುಟವನ್ನು ತಲೆಕೆಳಗಾಗಿ ಸರಾಗ ಓದುತ್ತಿದ್ದರು. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಬಂತು. ಅವರು ಒಂದು ತರಬೇತಿ ಕೇಂದ್ರಕ್ಕೆ ಹೋದರು. ಅಲ್ಲಿ ಪಾಠವೆಲ್ಲ ಇಂಗ್ಲಿಷ್. ವಾರಕ್ಕೆ ವಾಪಸ್ ಬಂದು, "ಈ ವಯಸ್ಸಿಗೆ ಬೇಡಪ್ಪಾ" ಎಂದು ಮನೆಗೆ ಹೋದರು. ಮೂವತ್ತು ವರ್ಷದ ವಿದ್ಯೆ ಮೊಳೆಗಳ ಜೊತೆ ತೂಕಕ್ಕೆ ಹೋಯಿತು.

ಅದೇ ಹೊತ್ತಿನಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ಕಲಿಸಿದವರು ಕೆ.ಪಿ. ರಾವ್. ಮಂಗಳೂರಿನ ಕಡೆಯವರು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡಕ್ಕೆ ನೂರಾರು ರೂಪ. ಅಷ್ಟಕ್ಕೂ ಕೀಲಿ ಎಲ್ಲಿ ಇಡುವುದು? ಅವರು ಆಕಾರ ಬಿಟ್ಟು ಉಚ್ಚಾರಣೆ ಹಿಡಿದರು. ವ್ಯಂಜನ ಒತ್ತಿ, ಸ್ವರ ಒತ್ತಿ, ಕಾಗುಣಿತ ತಾನೇ ಆಗುತ್ತದೆ. ನಡುವೆ ಎಫ್ ಒತ್ತಿದರೆ ಒತ್ತಕ್ಷರ. ಇಂಗ್ಲಿಷ್ ಕೀಲಿಮಣೆಯಲ್ಲೇ ಇಡೀ ಕನ್ನಡ ಕೂತಿತು! ಇದನ್ನು ಮಾರಿಕೊಳ್ಳಬಹುದಿತ್ತು. ಅವರು ನಾಡಿಗೆ ಬಿಟ್ಟುಕೊಟ್ಟರು. 1998ರಲ್ಲಿ ಶೇಷಾದ್ರಿವಾಸು 'ಬರಹ'ವನ್ನು ಉಚಿತವಾಗಿ ಕೊಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಸರ್ಕಾರಿ ಕಚೇರಿಗಳಿಗೆ ಹೋಯಿತು.

ಆಮೇಲೆ ಏನಾಯಿತು? ಕೋರ್ಟಿನ ಎದುರು, ಬಸ್ ಸ್ಟ್ಯಾಂಡಿನ ಪಕ್ಕ, ತಾಲ್ಲೂಕು ಕಚೇರಿಯ ಮುಂದೆ ಡಿಟಿಪಿ ಅಂಗಡಿಗಳು ಹುಟ್ಟಿದವು. ಹತ್ತನೇ ಕ್ಲಾಸು ಓದಿದ ಹೆಣ್ಣುಮಕ್ಕಳು ಒಂದು ಕಂಪ್ಯೂಟರ್ ಇಟ್ಟುಕೊಂಡು ಸಂಸಾರ ನಡೆಸಿದರು. ಬಂಡವಾಳ ಹಾಕಿದ್ದು ಯಾವ ದೊಡ್ಡ ಕಂಪನಿಯೂ ಅಲ್ಲ. ಒಬ್ಬರ ಸಂಶೋಧನೆ, ಅದು ಕನ್ನಡದಲ್ಲಿತ್ತು, ಎಲ್ಲರಿಗೂ ಸಿಕ್ಕಿತು. ಅಷ್ಟೇ. ಮನೆಗೆ ಹೋದ ನಮ್ಮ ಕಂಪೋಸಿಂಗ್ ಹಿರಿಯರಿಗೆ ಈ ಕೀಲಿಮಣೆಯನ್ನು ಕನ್ನಡದಲ್ಲಿ ಯಾರಾದರೂ ಹೇಳಿಕೊಟ್ಟಿದ್ದರೆ ಅವರೂ ಉಳಿಯುತ್ತಿದ್ದರು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ಮಾತು ಕೇಳಿ ಬರೆಯುವ, ಬರೆದದ್ದನ್ನು ಓದುವ ಯಂತ್ರಗಳ ಕಾಲ. ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ 'ವಾಣಿ' ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತನ್ನು ಸಂಗ್ರಹಿಸಿ ತೆರೆದಿಡುತ್ತಿದೆ. ಒಳ್ಳೆಯದು. ಆ ಮಾತನ್ನು ಬಳಸಿ ಸರಕು ಮಾಡುವವರು ಯಾರು? ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ ಹೊರದೇಶದ ಕಂಪನಿಯ ಸರಕಾಗಿ, ಅದನ್ನು ನಾವೇ ತಿಂಗಳ ಬಾಡಿಗೆಗೆ ಕೊಳ್ಳುವ ದಿನ ಬಂದರೆ? ಮತ್ತೆ ಗಂಧದ ಕೊರಡಿನ ಕಥೆಯೇ!

ಬೋರ್ಡು ಬಂತು, ಮುಂದೆ?

ನಮ್ಮ ಹೋರಾಟ ವ್ಯರ್ಥವಲ್ಲ. ಸರೋಜಿನಿ ಮಹಿಷಿ ವರದಿ ಬಂದಿದ್ದು 1986ರಲ್ಲಿ. ಇಂದಿಗೂ ಅದರ ಹೆಸರು ಹೇಳಿಯೇ ಕೆಲಸ ಕೇಳುತ್ತಿದ್ದೇವೆ, ಕೇಳಲೇಬೇಕು. 2024ರಲ್ಲಿ ಅಂಗಡಿ ಬೋರ್ಡಿನಲ್ಲಿ ಶೇಕಡ 60 ಕನ್ನಡ ಎಂಬ ಕಾನೂನಾಯಿತು. ಅದರಿಂದ ನನಗೂ ನಾಲ್ಕು ಕಾಸಿನ ಕೆಲಸ ಬಂತು. ಅದೇ ವರ್ಷ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಗದ್ದಲ ಎಬ್ಬಿಸಿದ ಕೂಡಲೇ ಅದನ್ನು ತಡೆಹಿಡಿದರು. ಅವರು ಹೇಳಿದ ಮಾತೊಂದೇ: "ಕೌಶಲ ಇರುವವರು ಬೇಕು."

ಆ ಮಾತಿಗೆ ಘೋಷಣೆಯಿಂದ ಉತ್ತರ ಕೊಡಲು ಆಗುವುದಿಲ್ಲ. ಕೌಶಲದಿಂದಲೇ ಕೊಡಬೇಕು. ಮೀಸಲಾತಿ ಕುರ್ಚಿ ಕೊಡಿಸಬಹುದು. ಕುರ್ಚಿಯನ್ನೇ ಮಾಡುವವರು ನಾವಾಗುವುದು ಯಾವಾಗ? ಜಯನಗರದಲ್ಲಿ ಮೇಲೆ ಎರಡು ಮಹಡಿ ಕಟ್ಟಿ ಇಂಜಿನಿಯರುಗಳಿಗೆ ಬಾಡಿಗೆ ಕೊಟ್ಟರೆ ಸಾಕು ಎಂದು ಕೂತಿದ್ದೇವೆ. ಬಾಡಿಗೆ ಬೆಳವಣಿಗೆಯಲ್ಲ, ಅಪ್ಪ ಕೊಂಡ ಸೈಟಿನ ಬಡ್ಡಿ. ನಿಮ್ಮ ಮಕ್ಕಳಿಗೆ ಸೈಟು ಎಲ್ಲಿದೆ?

ಹಾಗಾಗಿ ಕೆಲವು ಕೆಲಸ ಹೇಳುತ್ತೇನೆ. ಬೈಯಬೇಡಿ, ಹಿರಿಯನ ಮಾತು ಎಂದು ಕೇಳಿ.

ಐಟಿಯಲ್ಲಿ, ಕಾರ್ಖಾನೆಯಲ್ಲಿ, ಲ್ಯಾಬಿನಲ್ಲಿ ಇರುವ ಕನ್ನಡದವರು ಪ್ರತಿ ಭಾನುವಾರ ಎರಡು ಗಂಟೆ ಕೊಡಿ. ಕನ್ನಡ ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಕಾಲಿಟ್ಟ ಮಕ್ಕಳಿಗೆ ಗಣಿತ, ಭೌತಶಾಸ್ತ್ರವನ್ನು ಕನ್ನಡದಲ್ಲಿ ಹೇಳಿಕೊಟ್ಟು, ಇಂಗ್ಲಿಷ್ ಪದಗಳಿಗೆ ದಾಟಿಸಿ. ಮೊದಲ ಆರು ತಿಂಗಳು ಕೈ ಹಿಡಿದರೆ ಸಾಕು, ಆಮೇಲೆ ಅವರೇ ಓಡುತ್ತಾರೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಶುರು ಮಾಡಿದರು. ಹಾಸ್ಟೆಲಿನ ಕೋಣೆಯಲ್ಲಿ ಬದುಕಿದ ಒಬ್ಬ ಮೇಷ್ಟ್ರಿಗೆ ಅದು ಸಾಧ್ಯವಾಯಿತು. ಕಾರು ಇಟ್ಟುಕೊಂಡ ನಮಗೆ ಒಂದು ಗ್ಯಾರೇಜು ಬಿಟ್ಟುಕೊಡಲು ಆಗುವುದಿಲ್ಲವೇ?

ಸಂಘಟನೆಗಳು ಇನ್ನೊಂದು ಪ್ರಶ್ನೆ ಹಿಡಿಯಲಿ. ಅಪ್ರೆಂಟಿಸ್ ಕಾಯ್ದೆ 1961ರಿಂದಲೂ ಇದೆ. ಸರ್ಕಾರದಿಂದ ಜಾಗ, ರಿಯಾಯಿತಿ ಪಡೆದ ಕಂಪನಿಗಳು ಎಷ್ಟು ಕನ್ನಡದ ಹುಡುಗರಿಗೆ ಕೈಕೆಲಸ ಕಲಿಸಿವೆ? ಮಾಹಿತಿ ಹಕ್ಕಿನಲ್ಲಿ ಕೇಳಿ. ಬೋರ್ಡಿಗೆ ನಿಂತ ಹಾಗೆಯೇ ಇದಕ್ಕೂ ನಿಲ್ಲಿ. ಪಿಯುಸಿ ವಿಜ್ಞಾನದ ಪುಸ್ತಕ ಎಡಪುಟ ಕನ್ನಡ, ಬಲಪುಟ ಇಂಗ್ಲಿಷ್ ಇರಲಿ ಎಂದು ಸರ್ಕಾರವನ್ನು ಒತ್ತಾಯಿಸಿ. ಅದನ್ನು ಅಚ್ಚು ಹಾಕುವುದು ಏನೂ ಕಷ್ಟವಿಲ್ಲ, ನಾನು ಅದೇ ಕಸುಬಿನವನು.

ಕೊನೆಯದು ನನ್ನ ಪಾಲಿನ ಕೆಲಸ. ನೀವು ನಡೆಸುವ ಯಂತ್ರ, ಬರೆಯುವ ಪ್ರೋಗ್ರಾಮು, ರಿಪೇರಿ ಮಾಡುವ ಬೋರ್ಡು, ಯಾವುದಾದರೂ ಸರಿ, ಅದರ ಗುಟ್ಟನ್ನು ಎಂಟು ಪುಟ ಕನ್ನಡದಲ್ಲಿ ಬರೆದು ತನ್ನಿ. ಗ್ರಾಂಥಿಕ ಬೇಡ, ಮೆಷಿನ್ ಮುಂದೆ ನಿಂತವನಿಗೆ ಅರ್ಥವಾಗಬೇಕು. ಕಾಗದದ ಖರ್ಚು ಸಂಘದ್ದು, ಅಚ್ಚಿನ ಕೂಲಿ ನಾನು ಬಿಡುತ್ತೇನೆ.

ಮೊದಲನೆಯ ಪುಸ್ತಕ ಆಗಲೇ ತಯಾರಾಗುತ್ತಿದೆ. ಆಫ್‌ಸೆಟ್ ಮೆಷಿನಿನ ನೀರಿನ ಬಗ್ಗೆ. ಬರೆಯುತ್ತಿರುವವನು ಕನಕಪುರದ ಆ ಹುಡುಗ. ಹೋದ ವಾರ ಕರಡು ತಂದು ತೋರಿಸಿದ. ಎರಡು ಕಡೆ ಕಾಗುಣಿತ ತಪ್ಪಿತ್ತು, ತಿದ್ದಿದೆ. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

ಎರಡನೆಯ ಪುಸ್ತಕ ಯಾರದು? ನೀವು ಹೇಳಿ.